ಯಾರು ಹೋದರು? – ತಮಟೆ, ಗಾಯ ಮತ್ತು ನಮ್ಮ ವಿಮರ್ಶೆ

1

ಗರುಡಾಚಾರ್‌ಪಾಳ್ಯದಲ್ಲಿ ಈಗಲೂ ತಮಟೆಯ ಸದ್ದು ಕೇಳಿದರೆ ಜನ ಬಾಗಿಲಿಗೆ ಬಂದು ಕೇಳುವ ಮೊದಲ ಮಾತು "ಯಾರು ಹೋದ್ರು?" ಎಂಬುದು. ಪಾಳ್ಯದ ಪಕ್ಕದ ವೈಟ್‌ಫೀಲ್ಡ್ ರಸ್ತೆಯ ಮೇಲೆ 2023ರ ಮಾರ್ಚ್‌ನಿಂದ ಮೆಟ್ರೋ ಓಡುತ್ತಿದೆ. ನಮ್ಮ ಪಾಳ್ಯದ ಹೆಸರಿನದೇ ಒಂದು ನಿಲ್ದಾಣ ಇದೆ. ಹೊಲ ಇದ್ದ ಕಡೆ ಮೊದಲು ಕಾರ್ಖಾನೆ ಬಂತು, ತೊಂಬತ್ತರ ದಶಕದಿಂದಾಚೆಗೆ ಕಂಪ್ಯೂಟರ್ ಕಂಪನಿಗಳು ಬಂದವು, ಆಮೇಲೆ ಮಾಲುಗಳು ಬಂದವು. ಇಷ್ಟೆಲ್ಲ ಬಂದರೂ ತಮಟೆಗೂ ಹೆಣಕ್ಕೂ ಇರುವ ನಂಟು ಮಾತ್ರ ಬಿಟ್ಟಿಲ್ಲ.

ಈ ಪ್ರಶ್ನೆಯಿಂದಲೇ ನನ್ನ ಮಾತು ಶುರು ಮಾಡುತ್ತೇನೆ. ಕಲೆಯಿಂದ ಮನಸ್ಸಿನ ಗಾಯ ಮಾಯುತ್ತದೆ, ಬರೆಯುವುದರಿಂದ, ಹಾಡುವುದರಿಂದ, ಬಣ್ಣ ಹಚ್ಚುವುದರಿಂದ ಮನುಷ್ಯನಿಗೆ ಬಲ ಬರುತ್ತದೆ ಎಂಬ ಮಾತನ್ನು ಇತ್ತೀಚೆಗೆ ಎಲ್ಲ ಕಡೆಯೂ ಕೇಳುತ್ತಿದ್ದೇವೆ. ಮಾತು ಸುಳ್ಳಲ್ಲ, ನನ್ನ ಮೈಮೇಲೆ ಬಂದುಹೋದ ಅನುಭವವೇ ಅದಕ್ಕೆ ಸಾಕ್ಷಿ. ಆದರೆ ದಲಿತನಾದವನು ಇದನ್ನು ಕೇಳಿ ಸುಮ್ಮನೆ ತಲೆದೂಗುವ ಹಾಗಿಲ್ಲ. ಯಾವ ಕಲೆಯನ್ನು ಒಂದು ಜಾತಿಯ ಹೆಗಲಿಗೆ ಚಾಕರಿಯಾಗಿ ಕಟ್ಟಿದ್ದರೋ ಅದೇ ಕಲೆ ಆ ಜಾತಿಯವನ ಗಾಯವನ್ನು ಹೇಗೆ ಮಾಯಿಸೀತು? ಗಾಯ ಮಾಡಿದ ಕೋಲೇ ಮದ್ದು ಅರೆಯುವ ಕೋಲು ಆಗಲು ಸಾಧ್ಯವೆ? ನನಗೆ ತಿಳಿದ ಮಟ್ಟಿಗೆ ನಮ್ಮ ವಿಮರ್ಶೆ ಈ ಪ್ರಶ್ನೆಯ ಹತ್ತಿರಕ್ಕೆ ಹೋದದ್ದು ಕಡಿಮೆ. ದಲಿತ ಕೃತಿ ಸಮಾಜಕ್ಕೆ ಏನು ಮಾಡಿತು ಎಂದು ಕೇಳಿದ್ದೇವೆ, ಸಾಹಿತ್ಯಕ್ಕೆ ಏನು ಕೊಟ್ಟಿತು ಎಂದೂ ಕೇಳಿದ್ದೇವೆ. ಅದನ್ನು ಮಾಡಿದವನಿಗೆ, ಮಾಡಿದವಳಿಗೆ ಅದು ಏನು ಮಾಡಿತು ಎಂದು ಕೇಳಿಲ್ಲ.

ಅಪ್ಪ ತಮಟೆ ಬಾರಿಸುತ್ತಿದ್ದ. ಬಾರಿಸುತ್ತಿದ್ದ ಅನ್ನುವುದಕ್ಕಿಂತ ಬಾರಿಸಬೇಕಾಗಿತ್ತು ಅನ್ನೋದು ಸರಿ. ಸುತ್ತಲ ಯಾವ ಊರಿನಲ್ಲಿ ದೊಡ್ಡವರ ಮನೆಯಲ್ಲಿ ಸಾವಾದರೂ ಕರೆಯಲು ಆಳು ಬರುತ್ತಿತ್ತು. ಹೊತ್ತಿಲ್ಲ ಗೊತ್ತಿಲ್ಲ. ಹೆಣದ ಮುಂದೆ ಸುಡುಗಾಡಿನ ತನಕ ಬಡಿದುಕೊಂಡು ಹೋಗಬೇಕು. ಕೊಟ್ಟಷ್ಟು ದುಡ್ಡು, ಹುಯ್ದಷ್ಟು ಹೆಂಡ. ಜಾತ್ರೆ ಬಂದರೆ ದೇವರ ಮುಂದೆ ತಮಟೆ ಇರಲೇಬೇಕು, ಗುಡಿಯ ಒಳಗೆ ತಮಟೆಯವನು ಇರಬಾರದು. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ನಮ್ಮ ಕಾಲೋನಿಗೂ ಬಂದರು. ಸತ್ತ ದನ ಹೊರಬೇಡಿ, ಬಿಟ್ಟಿ ತಮಟೆ ಬಡಿಯಬೇಡಿ ಅಂದರು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ನಿಮ್ಮ ಮೈಗಂಟಿದ ಕೀಳುತನವನ್ನು ನೀವೇ ಕಿತ್ತುಹಾಕಿ ಎಂಬ ಅರ್ಥದ ಮಾತಾಡಿದ್ದರಲ್ಲ, ಆ ಮಾತು ನಮ್ಮ ಪಾಳ್ಯಕ್ಕೆ ಬಂದು ಮುಟ್ಟಲು ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು. ಒಂದು ದಿನ ಕರೆಯಲು ಬಂದವನಿಗೆ ಅಪ್ಪ "ಇವತ್ತಿಂದ ಬರಾಕಿಲ್ಲ ಅಂತ ಹೇಳಪ್ಪ" ಅಂದ. ಅಷ್ಟೇ. ಆಮೇಲೆ ಕೆಲವು ತಿಂಗಳು ಹೊಲದ ಕೂಲಿಗೂ ಯಾರೂ ಕರೆಯಲಿಲ್ಲ. ಕೊನೆಗೆ ಒಂದು ಕಾರ್ಖಾನೆಯಲ್ಲಿ ಲೋಡು ಇಳಿಸುವ ಕೆಲಸ ಸಿಕ್ಕಿತು. ತಮಟೆಯನ್ನು ಮಾತ್ರ ಅವನು ಎಸೆಯಲಿಲ್ಲ. ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟ. ಯಾಕೆ ಇಟ್ಟ ಎಂದು ನಾನು ಕೇಳಲಿಲ್ಲ. ನನಗೆ ಆಗ ಆ ತಮಟೆ ಅಂದರೆ ನಾಚಿಕೆ. ಸ್ಕೂಲಿನಲ್ಲಿ ಹುಡುಗರು ನನ್ನನ್ನು ಕರೆಯುತ್ತಿದ್ದದ್ದು ಅದರ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿ.

2021ರ ಮೇ ತಿಂಗಳಲ್ಲಿ ಕೊರೋನಾದಿಂದ ಅಪ್ಪ ತೀರಿಕೊಂಡ. ಎಷ್ಟೋ ಜನರ ಹೆಣದ ಮುಂದೆ ಬಾರಿಸಿಕೊಂಡು ಹೋದವನು ಪ್ಲಾಸ್ಟಿಕ್ ಚೀಲದಲ್ಲಿ ಸದ್ದಿಲ್ಲದೆ ಹೋದ. ಮುಟ್ಟುವ ಹಾಗಿಲ್ಲ, ಹತ್ತಿರ ಹೋಗುವ ಹಾಗಿಲ್ಲ. ಮುಟ್ಟಿಸಿಕೊಳ್ಳದೆ ಬದುಕಿದವರ ಮಗನಿಗೆ ಆ ದಿನ ಎದೆಯಲ್ಲಿ ಏನಾಯಿತು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಾದ ಮೇಲೆ ನನ್ನ ನಿದ್ದೆ ಹೋಯಿತು. ನಾನು ಪಿಯುಸಿ ಹುಡುಗರಿಗೆ ಕನ್ನಡ ಪಾಠ ಹೇಳುವವನು. ಪಾಠ ಹೇಳುತ್ತ ಹೇಳುತ್ತ ಮಾತು ನಿಂತುಬಿಡುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟರು, ನಿದ್ದೆ ಬಂತು. ಅದನ್ನು ನಾನು ಹಗುರ ಮಾಡಿ ಹೇಳುವುದಿಲ್ಲ. ಇಂಥ ಸ್ಥಿತಿಯಲ್ಲಿರುವ ಗೆಳೆಯರು ಡಾಕ್ಟರ ಹತ್ತಿರ ಹೋಗಲೇಬೇಕು, ಕೊಟ್ಟ ಔಷಧಿಯನ್ನು ತಾವಾಗಿ ಬಿಡಬಾರದು. ಆದರೆ ಎದ್ದ ಮೇಲೆ ಎದೆಯ ಮೇಲೆ ಕೂತದ್ದು ಕೂತೇ ಇರುತ್ತಿತ್ತು.

ಆ ವರ್ಷದ ಕೊನೆಗೆ ಅಟ್ಟ ಗುಡಿಸುವಾಗ ತಮಟೆ ಕೈಗೆ ಸಿಕ್ಕಿತು. ಚರ್ಮ ಜೋಲು ಬಿದ್ದಿತ್ತು. ಚಿಕ್ಕಪ್ಪನ ಮುಂದೆ ಒಯ್ದು ಇಟ್ಟೆ. "ನಿಮ್ಮಪ್ಪ ಬಿಟ್ಟಿದ್ದನ್ನ ನೀನ್ ಯಾಕ್ಲಾ ಎತ್ಕಂಡು ಬಂದೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಜಗುಲಿಯ ಮೇಲೆ ಕೂತಿದ್ದ ಅವ್ವ ಅಂದಳು: "ಅವ್ನು ಬಿಟ್ಟಿದ್ದು ಚಾಕ್ರೀನ. ತಮಟೇನ ಬಿಟ್ಟಿದ್ರೆ ಅವತ್ತೇ ಒಲೇಗ್ ಹಾಕ್ತಿದ್ದ."

ಚಿಕ್ಕಪ್ಪ ಎರಡು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸಿದ. ತಮಟೆ ಕಾಯಿಸದೆ ನುಡಿಯುವುದಿಲ್ಲ. ಚರ್ಮ ಬಿಗಿಯಬೇಕು, ಸುಡಬಾರದು. ಬೆಂಕಿಗೆ ಎಷ್ಟು ಹತ್ತಿರ ಹಿಡಿಯಬೇಕು ಎಂಬುದು ಕೈಗೆ ಗೊತ್ತಿರಬೇಕು. ಒಂದು ಕೈಗೆ ಸಣ್ಣ ಕಡ್ಡಿ, ಇನ್ನೊಂದು ಕೈಗೆ ಗಿಡ್ಡ ಕೋಲು ಕೊಟ್ಟು ಹೆಗಲಿಗೆ ತಗುಲಿಹಾಕಿದ. ಆವತ್ತು ನನಗೆ ಲಯ ಬರಲಿಲ್ಲ, ಅಳು ಬಂತು. ಅಪ್ಪ ಸತ್ತ ಆರೇಳು ತಿಂಗಳ ಮೇಲೆ ಮೊದಲ ಸಲ ಅತ್ತೆ. ಅಮೇಲೆ ದಿನಾ ಸಾಯಂಕಾಲ ಹೋದೆ. ಕೈಗೆ ಬೊಕ್ಕೆ ಬಂತು, ಒಡೆಯಿತು, ಗಟ್ಟಿಯಾಯಿತು. ಒಂದು ತಿಂಗಳಾದ ಮೇಲೆ ಪಾಠದ ನಡುವೆ ಮಾತು ನಿಲ್ಲುವುದು ನಿಂತಿತು.

2

ಈ ಅನುಭವವನ್ನು ಇಟ್ಟುಕೊಂಡು ನಾನು ಓದಿದ ಕಾವ್ಯಮೀಮಾಂಸೆಗೆ ವಾಪಸು ಹೋದರೆ ಅಲ್ಲಿ ನನಗೆ ಜಾಗ ಕಾಣಲಿಲ್ಲ. ಶೋಕವೇ ಶ್ಲೋಕವಾಯಿತು ಎಂಬ ಕತೆಯನ್ನು ನಾವೆಲ್ಲ ತರಗತಿಯಲ್ಲಿ ಕೇಳಿದ್ದೇವೆ, ನಾನೂ ಹೇಳಿದ್ದೇನೆ. ಬೇಡನ ಬಾಣಕ್ಕೆ ಗಂಡು ಕ್ರೌಂಚ ಬಿತ್ತು. ಹೆಣ್ಣು ಹಕ್ಕಿ ಅತ್ತಿತು. ನೋಡಿದ ವಾಲ್ಮೀಕಿಯ ಬಾಯಲ್ಲಿ ಶ್ಲೋಕ ಹುಟ್ಟಿತು. ಸ್ವಲ್ಪ ನಿಂತು ಯೋಚಿಸಿ. ಬಾಣ ಬಿದ್ದದ್ದು ಒಬ್ಬರಿಗೆ, ಕಳೆದುಕೊಂಡದ್ದು ಇನ್ನೊಬ್ಬರು, ಕವಿತೆ ಹುಟ್ಟಿದ್ದು ದಡದಲ್ಲಿ ನಿಂತು ನೋಡಿದ ಮೂರನೆಯವನಿಗೆ. ವಾಲ್ಮೀಕಿಯನ್ನು ನಮ್ಮವನೆಂದು ಎದೆಗಪ್ಪಿಕೊಂಡಿರುವ ಗೆಳೆಯರಿಗೆ ಇದರಿಂದ ನೋವಾಗದಿರಲಿ, ನನ್ನ ತಕರಾರು ಆ ಕವಿಯ ಮೇಲಲ್ಲ. ಆ ಕತೆಯಿಂದ ಕಾವ್ಯದ ಸಿದ್ಧಾಂತ ಕಟ್ಟಿದವರ ಮೇಲೆ. ಸಂಗಾತಿಯನ್ನು ಕಳೆದುಕೊಂಡ ಆ ಹಕ್ಕಿ ಆಮೇಲೆ ಏನು ಮಾಡಿತು, ಹೇಗೆ ಬದುಕಿತು, ಅದರ ಅಳುವಿಗೆ ತನ್ನದೇ ಒಂದು ರಾಗ ಇತ್ತೆ ಎಂದು ಯಾವ ಮೀಮಾಂಸಕನೂ ಕೇಳಲಿಲ್ಲ.

ರಸಸಿದ್ಧಾಂತ ಕೊನೆಗೆ ಬಂದು ಕೂರುವುದು ಸಹೃದಯನ ಎದೆಯಲ್ಲಿ. ಅರಿಸ್ಟಾಟಲ್ ಹೇಳಿದ ಕೆಥಾರ್ಸಿಸ್ ಕೂಡ ಸಾಮಾನ್ಯವಾಗಿ ನಾಟಕ ನೋಡಲು ಬಂದವನ ಮನಸ್ಸು ತೊಳೆಯುವ ವಿಷಯವೆಂದೇ ಪಾಠವಾಗುತ್ತದೆ. ಎರಡೂ ಕಡೆ ಹಗುರಾಗುವವನು ನೋಡುವವನು. ದಲಿತ ಸಾಹಿತ್ಯ ಬಂದಮೇಲೂ ಈ ಅಭ್ಯಾಸ ಬದಲಾಗಲಿಲ್ಲ ಅಂತ ನನಗೆ ಅನ್ನಿಸುತ್ತದೆ. ನಮ್ಮ ಕತೆ, ಕವಿತೆ, ಆತ್ಮಕತೆ ಓದಿದ ಮೇಲ್ಜಾತಿಯ ಸಜ್ಜನರು ಕಣ್ಣೊರೆಸಿಕೊಂಡು ತಮ್ಮ ಪಾಪಪ್ರಜ್ಞೆಯನ್ನು ಸ್ವಲ್ಪ ಹಗುರ ಮಾಡಿಕೊಂಡು ಹೋದರು. ಅದು ತಪ್ಪಲ್ಲ, ಅವರೂ ಬದಲಾಗಬೇಕಾದವರೇ. ಆದರೆ ಗಾಯ ಯಾರದೋ, ಮದ್ದು ಯಾರಿಗೋ ಆಯಿತಲ್ಲ!

ನಮ್ಮ ಕಡೆಯ ಲೆಕ್ಕವನ್ನೂ ನೋಡಬೇಕು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಕಾವ್ಯ ಖಡ್ಗವಾಗಬೇಕೆಂಬ ಘೋಷಣೆ ನಾಡೆಲ್ಲ ಹಬ್ಬಿತು. ಆ ಘೋಷಣೆ ಅಲ್ಲಿಗೇ ಮುಗಿಯುವುದಿಲ್ಲ. ಜನರ ನೋವಿಗೆ ಮಿಡಿಯುವ ಗೆಳೆಯನೂ ಅದು ಆಗಬೇಕು ಎಂದು ಮುಂದಿನ ಅರ್ಧ ಹೇಳುತ್ತದೆ. ನಾವು ಖಡ್ಗವನ್ನು ನೆನಪಿಟ್ಟುಕೊಂಡೆವು, ಗೆಳೆಯನನ್ನು ಮರೆತೆವು. ವೇದಿಕೆಯಲ್ಲಿ ಕೂಗಿದ್ದು ಮೊದಲ ಅರ್ಧ. ವಿಮರ್ಶೆಯಲ್ಲಿ ತೂಗಿದ್ದೂ ಅದನ್ನೇ: ಈ ಕವಿತೆಯಲ್ಲಿ ಆಕ್ರೋಶ ಎಷ್ಟಿದೆ, ಈ ಕತೆ ಚಳವಳಿಗೆ ಒದಗುತ್ತದೋ ಇಲ್ಲವೋ. ಹೋರಾಟಕ್ಕೆ ಹೋಗಿ ರಾತ್ರಿ ಮನೆಗೆ ಬಂದ ಕಾರ್ಯಕರ್ತ ಕತ್ತಲಲ್ಲಿ ಒಬ್ಬನೇ ಕೂತಾಗ ಅವನಿಗೆ ಮಿಡಿಯುವ ಗೆಳೆಯ ಯಾರು ಎಂದು ಕೇಳುವ ಪುರುಸೊತ್ತು ನಮಗಿರಲಿಲ್ಲ. ಕುಡಿತಕ್ಕೆ ಬಿದ್ದ ಎಷ್ಟು ಜನ ಒಳ್ಳೆಯ ಹಾಡುಗಾರರನ್ನು ನಾವು ಕಳೆದುಕೊಂಡಿದ್ದೇವೆ! ಅವರ ಹಾಡು ಸಭೆಯನ್ನು ಎಬ್ಬಿಸಿತು. ಅವರನ್ನು ಎಬ್ಬಿಸುವ ಹಾಡು ಇರಲಿಲ್ಲ.

3

ಹಾಗಾದರೆ ನಮ್ಮ ಕೃತಿಗಳಲ್ಲಿ ಆ ಗೆಳೆಯ ಇಲ್ಲವೆ? ಇದ್ದಾನೆ. ಓದುವ ಕಣ್ಣು ಬದಲಾಗಬೇಕು ಅಷ್ಟೆ. ಮೂರು ಉದಾಹರಣೆ ಕೊಡುತ್ತೇನೆ.

ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಆಕ್ರೋಶ ಎಂದರೆ ಏನೆಂದು ಕನ್ನಡ ಕಾವ್ಯ ಕಲಿತದ್ದು ಅಲ್ಲಿ. ಅದೇ ಕವಿ ಇಪ್ಪತ್ತು ವರ್ಷವಾದ ಮೇಲೆ 'ಊರುಕೇರಿ' ಬರೆದಾಗ ನಗಲು ಶುರು ಮಾಡಿದರು. ಅದರ ಆರಂಭದ ಚಿತ್ರವನ್ನು ಓದಿದವರು ಮರೆಯಲಾರರು. ಎತ್ತಿನ ಹಾಗೆ ಇಬ್ಬರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬ ಆ ಹುಡುಗನ ಅಪ್ಪ. ಇಷ್ಟು ದೊಡ್ಡ ಗಾಯವನ್ನು ಅವರು ದನಿ ಏರಿಸದೆ ಹೇಳಿ ಮುಂದಕ್ಕೆ ಹೋಗುತ್ತಾರೆ. ಪುಸ್ತಕ ಬಂದಾಗ ನಮ್ಮ ಗೆಳೆಯರ ಗುಂಪಿನಲ್ಲಿ ದೊಡ್ಡ ಜಗಳವೇ ಆಯಿತು. ಖಡ್ಗ ಮೊಂಡಾಯಿತು, ಕವಿ ರಾಜಿಯಾದರು ಎಂದು ಕೂಗಾಡಿದವರಲ್ಲಿ ನಾನೂ ಒಬ್ಬ. ಡಿ.ಆರ್. ನಾಗರಾಜ್ ಆ ನಗುವಿನಲ್ಲಿ ಬಡವರ ಶಕ್ತಿಯನ್ನು ಕಂಡರು. ಆಗ ನನಗೆ ಅದು ಅರ್ಥವಾಗಲಿಲ್ಲ. ಈಗ ಅರ್ಥವಾಗುತ್ತಿದೆ, ಆದರೆ ಬೇರೆ ದಾರಿಯಿಂದ. ಆ ನಗು ಓದುಗನನ್ನು ಒಲಿಸಿಕೊಳ್ಳಲು ನಕ್ಕ ನಗುವಲ್ಲ. ಅಪ್ಪನ ಹೆಗಲ ಮೇಲಿನ ನೊಗವನ್ನು ನೋಡಿದ ಹುಡುಗ ಬದುಕಿ ಉಳಿಯಲು ಕಂಡುಕೊಂಡ ಉಪಾಯ ಅದು. ಬೆಂಗಳೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ಸ್ಮಶಾನವೇ ತಮಗೆ ಓದಲು, ಬರೆಯಲು ನೆಮ್ಮದಿಯ ಜಾಗವಾಗಿತ್ತು ಎಂದು ಅವರು ಹೇಳಿಕೊಂಡಿದ್ದಾರೆ. ಜೀವಂತ ಇರುವವರ ಊರಿನಲ್ಲಿ ಸಿಗದ ನೆಮ್ಮದಿ ಸತ್ತವರ ನಡುವೆ ಸಿಕ್ಕಿದ್ದನ್ನೂ ಅವರು ನಗುತ್ತಲೇ ಹೇಳುತ್ತಾರೆ. ಈ ಕವಿಯನ್ನೂ 2021ರ ಜೂನ್ 11ರಂದು ಕೊರೋನಾ ತೆಗೆದುಕೊಂಡು ಹೋಯಿತು. ಅಪ್ಪ ಹೋಗಿ ಆಗಿನ್ನೂ ಒಂದು ತಿಂಗಳಾಗುತ್ತ ಬಂದಿತ್ತು.

ಎರಡನೆಯದು ದೇವನೂರ ಮಹಾದೇವ ಅವರ 'ಕುಸುಮಬಾಲೆ'. 1984ರಲ್ಲಿ ಬಂದ ಈ ಕೃತಿಯ ಭಾಷೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳುವುದು ಜೋತಮ್ಮಗಳ ವಿಷಯ. ರಾತ್ರಿ ಮನೆಮನೆಯ ದೀಪಗಳು ಹೊರಗೆ ಬಂದು ಒಂದು ಕಡೆ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ. ಚೆನ್ನನ ಕೊಲೆಯಾದ ಊರು ಅದು. ಹಗಲು ಬಾಯಿ ಬಿಡದ ಊರಿನಲ್ಲಿ ರಾತ್ರಿ ದೀಪಗಳು ಬಾಯಿ ಬಿಡುತ್ತವೆ. ಅವು ಯಾವ ಪೊಲೀಸರಿಗೂ ಹೇಳುವುದಿಲ್ಲ, ಯಾವ ಸಭೆಗೂ ಹೇಳುವುದಿಲ್ಲ, ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತವೆ. ನೋವಿಗೆ ಮೊದಲ ಕೇಳುಗರು ನಾವೇ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರು ಸಾವಿನ ಮನೆಯಲ್ಲಿ ಸತ್ತವರ ಗುಣಗಳನ್ನು ಹಾಡಿ ಹೇಳಿ ಅಳುತ್ತಾರಲ್ಲ, ಅದನ್ನು ಕೇಳಿ ಬೆಳೆದವರಿಗೆ ಜೋತಮ್ಮಗಳು ಮಾಯಾವಾಸ್ತವ ಅನ್ನಿಸುವುದಿಲ್ಲ. ದಿನಾ ಕಂಡದ್ದು ಅನ್ನಿಸುತ್ತದೆ.

ಮೂರನೆಯದು ದು. ಸರಸ್ವತಿ ಅವರ 'ಸಣ್ತಿಮ್ಮಿ ರಾಮಾಯಣ'. ಏಕವ್ಯಕ್ತಿ ಪ್ರಯೋಗ. ಕೇರಿಯ ಹೆಂಗಸೊಬ್ಬಳು ತನ್ನ ಮಾತಿನಲ್ಲಿ, ತನ್ನ ಅಡುಗೆಮನೆಯ ಲೆಕ್ಕದಲ್ಲಿ ರಾಮಾಯಣ ಹೇಳುತ್ತಾಳೆ. ಕ್ರೌಂಚ ಪಕ್ಷಿಯ ಕತೆ ಹೇಳುವಾಗ ನಾನು ಕೇಳಿದೆನಲ್ಲ, ಉಳಿದ ಆ ಹೆಣ್ಣು ಹಕ್ಕಿ ಏನು ಮಾಡಿತು ಅಂತ. ಅದು ಸಣ್ತಿಮ್ಮಿಯಾಗಿ ಬಂದು ತಾನೇ ರಾಮಾಯಣ ಹೇಳಿತು ಎನ್ನುವುದು ನನಗೆ ಹೊಳೆದ ಉತ್ತರ. ಹೇಳುವವಳು ಬದಲಾದರೆ ಸಾಕು, ಅದೇ ಕತೆಯಲ್ಲಿ ಯಾರ ಗಾಯ ಮುಖ್ಯ, ಯಾರ ಮಾತು ಮುಖ್ಯ ಎಂಬುದೆಲ್ಲ ಬದಲಾಗಿಬಿಡುತ್ತದೆ. ಸೀತೆಗಾಗಿ ಅತ್ತವರು ಬಹಳ ಜನ. ಸೀತೆಯ ಜೊತೆ ಕೂತು ಮಾತಾಡಿದವಳು ಸಣ್ತಿಮ್ಮಿ.

ಈ ಮೂರೂ ಕೃತಿಗಳಲ್ಲಿ ನಾನು ಕಾಣುವುದು ಒಂದೇ ಅಂಶ. ಗಾಯ ಇಲ್ಲಿ ಮರೆಯಾಗುವುದಿಲ್ಲ. ಆದರೆ ಅದನ್ನು ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು, ನಗುತ್ತ ಹೇಳಬೇಕೋ ಅಳುತ್ತ ಹೇಳಬೇಕೋ ಎಂಬ ತೀರ್ಮಾನ ಗಾಯಗೊಂಡವರ ಕೈಗೆ ಬಂದಿದೆ. ಕಲೆಯಿಂದ ಬರುವ ಬಲ ಎಂದರೆ ನನ್ನ ಪ್ರಕಾರ ಈ ತೀರ್ಮಾನದ ಬಲ.

4

ಈಗ ತಮಟೆಗೆ ವಾಪಸು ಬರೋಣ. ತಮಟೆಯ ವಿಷಯದಲ್ಲಿ ನಮ್ಮೊಳಗೇ ಎರಡು ಪಕ್ಷ ಇದೆ. ಅದು ಜಾತಿಯ ಗುರುತು, ಮುಟ್ಟಬಾರದು, ಸುಡಬೇಕು ಎನ್ನುವವರು ಒಂದು ಕಡೆ. ಅದು ನಮ್ಮ ಸಂಸ್ಕೃತಿ, ಉಳಿಸಬೇಕು ಎನ್ನುವವರು ಇನ್ನೊಂದು ಕಡೆ. ನಾಗರಾಜ್ 1993ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ 'ದಿ ಫ್ಲೇಮಿಂಗ್ ಫೀಟ್' ಪುಸ್ತಕದಲ್ಲಿ ಈ ಇಕ್ಕಟ್ಟಿನ ಬಗ್ಗೆ ಆಳವಾಗಿ ಯೋಚಿಸಿದ್ದಾರೆ. ಸ್ವಾಭಿಮಾನಕ್ಕಾಗಿ ಗತವನ್ನು ಪೂರ್ತಿ ನಿರಾಕರಿಸಿದರೆ ದಲಿತರು ತಮ್ಮ ಸಾಂಸ್ಕೃತಿಕ ಸ್ಮೃತಿಯನ್ನೇ ಕಳೆದುಕೊಳ್ಳಬಹುದು ಎಂಬುದು ಅವರ ಆತಂಕ. ಆ ಆತಂಕ ನಿಜವಾದದ್ದು. ಆದರೆ ಒಂದು ಮಾತು ಸೇರಿಸಬೇಕು. ಸ್ಮೃತಿ ಉಳಿಯಬೇಕೆಂದು ಹೇಳುವವರ ಅಪ್ಪಂದಿರು ಹೆಣದ ಮುಂದೆ ಬಡಿದುಕೊಂಡು ಹೋದವರಲ್ಲ. ಬಡಿದವನಿಗೆ ಮೊದಲು ಬೇಕಾದದ್ದು ಬಡಿಯುವುದಿಲ್ಲ ಎನ್ನುವ ಹಕ್ಕು. ಅಪ್ಪ ತಮಟೆ ಕೆಳಗಿಡದೆ ಇದ್ದಿದ್ದರೆ ನಾನು ಅದನ್ನು ಎತ್ತಿಕೊಂಡದ್ದಕ್ಕೆ ಏನೂ ಅರ್ಥ ಇರುತ್ತಿರಲಿಲ್ಲ, ಚಾಕರಿ ಒಂದು ತಲೆಮಾರು ಮುಂದುವರಿಯಿತು ಅಂತ ಆಗುತ್ತಿತ್ತು. ಅವನು ಬೇಡ ಅಂದದ್ದರಿಂದಲೇ ನನಗೆ ಬೇಕು ಅನ್ನಲು ಸಾಧ್ಯವಾಯಿತು. ಅವ್ವ ಓದಿದವಳಲ್ಲ. ಆದರೆ ಚಾಕರಿ ಬೇರೆ ತಮಟೆ ಬೇರೆ ಎಂದು ಅವಳು ಜಗುಲಿಯ ಮೇಲೆ ಕೂತು ಹೇಳಿದ ಒಂದು ಮಾತು ಎಷ್ಟೋ ವರ್ಷದ ನಮ್ಮ ಚರ್ಚೆಗಿಂತ ಮುಂದಿತ್ತು.

2023ರಲ್ಲಿ ಪದ್ಮಶ್ರೀ ಪಟ್ಟಿ ಬಂದಾಗ ಅದರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರ ಹೆಸರು ಇತ್ತು. ಚಿಕ್ಕಪ್ಪನಿಗೆ ಪೇಪರ್ ಓದಿ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ತಮಟೆ ಅಂತಾನೇ ಬರ್ದವ್ರಾ?" ಅಂತ ಕೇಳಿದ. ಹೌದು, ತಮಟೆ ಅಂತಲೇ ಬರೆದಿದ್ದರು. ಪ್ರಶಸ್ತಿಯಿಂದ ಜಾತಿ ಹೋಗುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಆದರೂ ಬೈಗುಳವಾಗಿದ್ದ ಒಂದು ಪದ ಗೌರವದ ಜಾಗದಲ್ಲಿ ಅಚ್ಚಾದದ್ದನ್ನು ನೋಡಿ ಒಬ್ಬ ಮುದುಕನ ಬೆನ್ನು ನೆಟ್ಟಗಾಯಿತು. ನಾನು ಅದನ್ನು ಕಣ್ಣಾರೆ ನೋಡಿದೆ.

ಕೆ.ಆರ್. ಪುರಂ ದಾಟಿ ಹಳೇ ಮದ್ರಾಸು ರಸ್ತೆ ಹಿಡಿದು ಹೋದರೆ ಕೋಲಾರ. ಅಲ್ಲಿಯ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರ ಜೊತೆ ಸೇರಿ ಕಟ್ಟಿದ 'ಆದಿಮ' ಇದೆ. ಹೋರಾಟಕ್ಕೆ ಹಾಡು ಬರೆದುಕೊಟ್ಟ ಕವಿ, ದಲಿತ ಚಳವಳಿಯ ಒಳಗಿನವರು. ಚಳವಳಿ ಒಡೆದು ಚೂರಾದ ಮೇಲೆ ಬಹಳ ಜನ ಗೆಳೆಯರು ಪಕ್ಷಗಳ ಬಾಗಿಲಿಗೆ ಹೋದಾಗ ಇವರು ಬೆಟ್ಟಕ್ಕೆ ಹೋದರು. ಅಲ್ಲಿ ಹುಣ್ಣಿಮೆ ಹುಣ್ಣಿಮೆಗೆ ಹಾಡು, ನಾಟಕ. ಕೇರಿಯ ಮಕ್ಕಳಿಗೆ ರಂಗಶಿಬಿರ. ಇದು ಹೋರಾಟದಿಂದ ತಪ್ಪಿಸಿಕೊಂಡು ಹೋಗುವ ದಾರಿ ಎಂದು ಟೀಕಿಸುವವರ ಮಾತನ್ನು ನಾನೂ ಕೇಳಿದ್ದೇನೆ. ನನಗೆ ಅದು ಘೋಷಣೆಯ ಉಳಿದ ಅರ್ಧವನ್ನು ಹುಡುಕಿಕೊಂಡು ಹೋದ ದಾರಿಯಾಗಿ ಕಾಣುತ್ತದೆ.

ಬಾಬಾಸಾಹೇಬರ ಬದುಕಿನಲ್ಲೂ ಇಂಥ ಒಂದು ಮೂಲೆ ಇದೆ. ಅವರು ಇಳಿವಯಸ್ಸಿನಲ್ಲಿ ವಯೊಲಿನ್ ಕಲಿಯಲು ಕೂತರು. ಅಷ್ಟು ಕೆಲಸ, ಅಷ್ಟು ಕಾಯಿಲೆ, ಅಷ್ಟು ಶತ್ರುಗಳ ನಡುವೆ. ಯಾವ ಕಛೇರಿ ಮಾಡಲೆಂದು ಆ ವಯಸ್ಸಿನಲ್ಲಿ ಮನುಷ್ಯ ಪಿಟೀಲು ಹಿಡಿಯುತ್ತಾನೆ? ಸಂವಿಧಾನ ಹಿಡಿದ ಕೈಯನ್ನು ಎಲ್ಲ ಊರಲ್ಲೂ ಪ್ರತಿಮೆ ಮಾಡಿದ್ದೇವೆ. ಪಿಟೀಲು ಹಿಡಿದ ಕೈಯೂ ಅದೇ ಎಂಬುದನ್ನು ನಮ್ಮ ಹುಡುಗ ಹುಡುಗಿಯರಿಗೆ ಹೇಳಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ನಮ್ಮ ಪಕ್ಕದ ಒಂದು ಕಂಪನಿಯವರು ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದರು. ಅವರ ನೌಕರರಿಗೆ ಕೆಲಸದ ಒತ್ತಡ ಕಡಿಮೆಯಾಗಲು ಶನಿವಾರ ಡ್ರಮ್ ಸರ್ಕಲ್ ಮಾಡಿಸುತ್ತಾರಂತೆ, ಇಪ್ಪತ್ತು ತಮಟೆ ಬಾಡಿಗೆಗೆ ಬೇಕಂತೆ. ತಮಟೆ ಸಾಕು, ತಮಟೆಯವರು ಬೇಡ. ಚಿಕ್ಕಪ್ಪ "ತಮಟೆ ಒಂದೇ ಬರಾಕಿಲ್ಲ ಸಾ, ಬಂದ್ರೆ ನಾವೂ ಬತ್ತೀವಿ, ನಿಮ್ ಜೊತೇಲಿ ಕೂತು ಊಟಾನೂ ಮಾಡ್ತೀವಿ" ಅಂದ. ಅವರು ನಗುತ್ತ ಹೋದರು, ಮತ್ತೆ ಬರಲಿಲ್ಲ. ಆ ನೌಕರರ ಒತ್ತಡ ಸುಳ್ಳು ಅಂತ ನಾನು ಹೇಳುವುದಿಲ್ಲ, ಬಾರಿಸಿದರೆ ಅವರಿಗೂ ಹಗುರವಾದೀತು. ಆದರೆ ನಮ್ಮ ಚರ್ಮದ ಚರಿತ್ರೆಯನ್ನು ಹೊರಗಿಟ್ಟು ಸದ್ದನ್ನು ಮಾತ್ರ ಒಳಗೆ ಕರೆದುಕೊಳ್ಳುವುದು ಹೊಸದೇನೂ ಅಲ್ಲ. ದೇವರ ಮುಂದೆ ತಮಟೆ ಬೇಕು, ಗುಡಿಯೊಳಗೆ ತಮಟೆಯವನು ಬೇಡ ಅಂದರಲ್ಲ, ಅದೇ ನ್ಯಾಯ.

5

ಕೊನೆಗೆ ನನ್ನ ವಾದದ ಮೇಲೆ ನಾನೇ ಎತ್ತಬೇಕಾದ ಆಕ್ಷೇಪ ಒಂದಿದೆ. ಆಗ ಕೋಲಾರ ಜಿಲ್ಲೆಯಲ್ಲಿದ್ದ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಆ ಮನೆಯವರ ಮುಂದೆ ಹೋಗಿ ಕಲೆಯಿಂದ ಗಾಯ ಮಾಯುತ್ತದೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲ ವಿಜ್ಞಾನದ ಬಗ್ಗೆ ಬರೆಯುವ ಲೇಖಕನಾಗಬೇಕೆಂದಿದ್ದವನು. 2016ರ ಜನವರಿ 17ರಂದು ಅವನನ್ನು ಕಳೆದುಕೊಂಡೆವು. ಬರವಣಿಗೆಯ ಆಸೆ ಒಂದೇ ಮನುಷ್ಯನನ್ನು ಉಳಿಸುವುದಾಗಿದ್ದರೆ ಅವನು ಇವತ್ತು ನಮ್ಮ ಜೊತೆ ಇರಬೇಕಾಗಿತ್ತು. ಒಳಗಿನ ಗಾಯಕ್ಕೆ ಕಲೆ ಮದ್ದಾಗಬಹುದು. ಹೊರಗಿನಿಂದ ದಿನಾ ಹೊಡೆಯುತ್ತಲೇ ಇದ್ದರೆ ಮದ್ದು ಏನು ಮಾಡೀತು? ಕೋರ್ಟು ಕೊಡಬೇಕಾದ ನ್ಯಾಯವನ್ನು, ಹಾಸ್ಟೆಲು ಕೊಡಬೇಕಾದ ಅನ್ನವನ್ನು, ವಿಶ್ವವಿದ್ಯಾಲಯ ಕೊಡಬೇಕಾದ ಗೌರವವನ್ನು ಕವಿತೆಯ ತಲೆಗೆ ಕಟ್ಟಬಾರದು. ಹಾಗೆ ಕಟ್ಟಿದರೆ ಅದು ಇನ್ನೊಂದು ಬಿಟ್ಟಿ ಚಾಕರಿ.

ಆದರೂ ನ್ಯಾಯ ಸಿಗುವ ತನಕ ಬದುಕಿ ಇರಬೇಕಲ್ಲ. ಹೋರಾಟಕ್ಕೆ ಹೋಗುವ ಕಾಲಿನಲ್ಲಿ ಕಸುವು ಇರಬೇಕಲ್ಲ. ಅಷ್ಟರ ಮಟ್ಟಿಗೆ ನಾನು ಕಲೆಯನ್ನು ನಂಬುತ್ತೇನೆ. ದಲಿತ ವಿಮರ್ಶೆ ಮಾಡುವ ಕಿರಿಯ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ನಮ್ಮವರು ಬರೆದದ್ದನ್ನು ಓದುವಾಗ ಇಲ್ಲಿ ನೋವು ಎಷ್ಟಿದೆ ಎಂದು ಅಳೆಯುವುದನ್ನು ಸ್ವಲ್ಪ ಬಿಡಿ. ಗಾಯವೇ ನಮ್ಮ ಗುರುತಿನ ಚೀಟಿ ಅಂತಾದರೆ ಅದು ಮಾಯದ ಹಾಗೆ ಕೆದಕಿಕೊಂಡು ಕೂರಬೇಕಾಗುತ್ತದೆ. ದಲಿತ ಹುಡುಗಿಯೊಬ್ಬಳು ಮಳೆಯ ಮೇಲೆ ಕವಿತೆ ಬರೆದರೆ ಇದರಲ್ಲಿ ದಲಿತತ್ವ ಎಲ್ಲಿದೆ ಎಂದು ಕೇಳಿ ಅವಳನ್ನು ವಾಪಸು ಕೇರಿಗೆ ಅಟ್ಟಬೇಡಿ. ಆ ಕವಿತೆ ಬರೆದ ರಾತ್ರಿ ಅವಳಿಗೆ ನಿದ್ದೆ ಬಂತೆ? ಅದನ್ನು ಮೊದಲು ಯಾರಿಗೆ ಓದಿ ಹೇಳಿದಳು? ಯಾರಿಗೆ ಹೇಳಲಿಲ್ಲ? ಈ ಪ್ರಶ್ನೆಗಳೂ ವಿಮರ್ಶೆಯ ಪ್ರಶ್ನೆಗಳೇ.

ಈಗ ಭಾನುವಾರ ಸಾಯಂಕಾಲ ಚಿಕ್ಕಪ್ಪನ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಎಂಟು ಹತ್ತು ಮಕ್ಕಳು ಸೇರುತ್ತಾರೆ. ಅದರಲ್ಲಿ ನಾಲ್ಕು ಜನ ಹುಡುಗಿಯರು. ಹೆಣ್ಣುಮಕ್ಕಳ ಕೈಗೆ ತಮಟೆ ಕೊಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮೊದಲ ದಿನ ಚಿಕ್ಕಪ್ಪ ಗೊಣಗಿದ, ಅವ್ವ ಒಂದು ಸಲ ನೋಡಿದಳು, ಸುಮ್ಮನಾದ. ಹೋದ ವಾರ ಬಾರಿಸುತ್ತಿದ್ದಾಗ ಎದುರಿಗೆ ಹೊಸದಾಗಿ ಎದ್ದಿರುವ ಅಪಾರ್ಟ್‌ಮೆಂಟಿನ ಗೇಟಿನಿಂದ ಒಬ್ಬರು ಬಂದು ಕಾಂಪೌಂಡಿನ ಮೇಲಿಂದ ಬಗ್ಗಿ ಕೇಳಿದರು: "ಯಾರು ಹೋದರು?" ಏಳನೇ ಕ್ಲಾಸಿನ ಹುಡುಗಿ ಕೋಲು ನಿಲ್ಲಿಸದೆ ಅಂದಳು: "ಯಾರೂ ಹೋಗಿಲ್ಲ ಅಂಕಲ್. ಎಲ್ಲಾರೂ ಇಲ್ಲೇ ಇದೀವಿ."